ಶಿವಯೋಗೆಪ್ಪ ಆರಿಸಿದ ಬಿಲ್ಲು

ನಿಡೋಣಿಯ ಶಿವಯೋಗೆಪ್ಪ ಕಳೆದ ಭಾನುವಾರ ಸಂಜೆ ಬಬಲೇಶ್ವರದ ಚಹಾದಂಗಡಿಯೊಂದರ ಮುಂದೆ ತೀರಿಕೊಂಡ. ಕೂತಲ್ಲೇ ಹೃದಯ ನಿಂತಿತು. ಅವನ ಬೈಕಿಗೆ ಕಟ್ಟಿದ್ದ ಬಿಲ್ಲನ್ನು ಯಾರೋ ಬಿಚ್ಚಿ ಮನೆಗೆ ಮುಟ್ಟಿಸಿದರು.

ಸುದ್ದಿ ಕೇಳಿದಾಗ ಸೊಲ್ಲಾಪುರ ರಸ್ತೆಯ ಬಡಿಗ ಗೈಬುಸಾಬನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ತಿಂಗಳುಗಟ್ಟಲೆ ಜೀವ ತಿಂದು ಕೊನೆಗೊಂದು ಬಿಲ್ಲು ಒಪ್ಪಿಕೊಂಡ ಮನುಷ್ಯ, ಅದನ್ನು ನಾಲ್ಕು ದಿನ ಹಿಡಿದು ತಿರುಗಬಾರದಿತ್ತೇ?

ಇಬ್ಬರೂ ಶಾಲೆಯಿಂದ ಗೆಳೆಯರು. ಗೈಬುಸಾಬನಿಗೆ ಬಾಗಿಲು, ಮಂಚ ಹೊಟ್ಟೆಪಾಡು. ಬಿಲ್ಲು ಕೆತ್ತುವುದು ಹುಚ್ಚು. ಶಿವಯೋಗೆಪ್ಪನಿಗೆ ಊರಲ್ಲಿ ಹಿಟ್ಟಿನ ಗಿರಣಿ. ಭಾನುವಾರ ಬಂತೆಂದರೆ ಟಿಕೋಟಾದ ಆಚೆ, ಗೆಳೆಯ ಚಂದ್ರಕಾಂತನ ದ್ರಾಕ್ಷಿ ತೋಟದ ಪಕ್ಕದ ಬಯಲಲ್ಲಿ ಕಟ್ಟಿಗೆಯ ಬಿಲ್ಲು ಹಿಡಿಯುವ ಗೆಳೆಯರೆಲ್ಲ ಸೇರುತ್ತಿದ್ದರು. ಅಲ್ಲಿ ಎಲ್ಲರಿಗಿಂತ ಬಿಗಿಯಾದ ಬಿಲ್ಲು ಎಳೆಯುವವನು ತಾನೇ ಎಂಬ ಹೆಮ್ಮೆಯಲ್ಲೇ ಶಿವಯೋಗೆಪ್ಪ ಅರ್ಧ ಆಯುಷ್ಯ ಕಳೆದ. ಹೋದ ವರ್ಷ ಗಿರಣಿಯಲ್ಲಿ ಜಾರಿ ಬಿದ್ದು ಬಲಭುಜ ಕೆಡಿಸಿಕೊಂಡ. ಹಗುರ ಬಿಲ್ಲಾದರೆ ಆಡು, ಭಾರದ್ದು ಎಳೆದರೆ ಮುಂದೆ ಕೈಯೇ ಎತ್ತಲಾರೆ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ರೇಣುಕವ್ವ ಇದನ್ನು ಗೈಬುಸಾಬನ ಕಿವಿಗೆ ಹಾಕಿದ್ದಳು.

ಅಂಥವನು ಹೊಸ ಬಿಲ್ಲು ಮಾಡಿಸಲು ಬಂದ. ತಡಸಲ ಮರದ ಸೀಳುಗಳನ್ನು ಮುಂದಿಟ್ಟರೆ ಎತ್ತಿನ ಬೆನ್ನು ಸವರಿದಂತೆ ಒಂದೊಂದನ್ನೂ ಸವರಿದ. ಒಂದಕ್ಕೆ ಗಂಟು, ಒಂದಕ್ಕೆ ಸೊಟ್ಟ, ಇನ್ನೊಂದು ಬರೀ ಕಪ್ಪು ಎಂದು ಪಕ್ಕಕ್ಕಿಟ್ಟ.

“ಲೇ ಯೋಗ್ಯಾ, ಹೆಣ್ಣ ನೋಡಾಕ ಬಂದೀಯೇನ? ಎಷ್ಟ ಬಿಗಿ ಇರ್ಲಿ, ಅದನ್ನರ ಹೇಳು,” ಎಂದ ಗೈಬುಸಾಬ.

“ನಲವತ್ತ ಪೌಂಡ್. ಅದಕ್ಕೂ ಕಮ್ಮಿ ಆದ್ರ ನಿನ್ನ ಮೊಮ್ಮಗನಿಗಿ ಕೊಡು, ಕಾಗಿ ಹೊಡೀಲಿ.”

ಚಂದ್ರಕಾಂತ ಅಲ್ಲೇ ಕೂತಿದ್ದ. ಅವನೆದುರು ಇವನು ನಿಜ ನುಡಿಯಲಾರ ಎಂದು ಗೈಬುಸಾಬನಿಗೆ ಗೊತ್ತು. ಅದಕ್ಕೇ ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹೊದಿಸಿದ. ದನದ ಸಂತೆಯಲ್ಲಿ ಹೀಗೆಯೇ ಬಟ್ಟೆಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ, ನಿಂತವರಿಗೆ ತಿಳಿಯುವುದಿಲ್ಲ. ಅಲ್ಲಿ ಹಿಡಿದ ಬೆರಳೇ ಮಾತು. ಅದಕ್ಕೆ ತಪ್ಪಿದವನ ಜೊತೆ ಮತ್ತೆ ಯಾರೂ ವ್ಯವಹಾರ ಮಾಡರು.

“ಈಗ ಹೇಳು,” ಎಂದ ಗೈಬುಸಾಬ ಮೆಲ್ಲಗೆ. “ಒಂದ ಬೆರಳಿಗಿ ಹತ್ತ ಪೌಂಡ್.”

ಶಿವಯೋಗೆಪ್ಪ ಗೆಳೆಯನ ನಾಲ್ಕು ಬೆರಳನ್ನೂ ಒಟ್ಟಿಗೆ ಗಟ್ಟಿಯಾಗಿ ಹಿಡಿದ. ಟವೆಲ್ ಕೆಳಗೂ ಸುಳ್ಳು! ಗೈಬುಸಾಬ ಕೈ ಕಿತ್ತುಕೊಂಡ. ಆದರೆ ಹಿಡಿದ ಬೆರಳು ಹಿಡಿದದ್ದೇ. ನಲವತ್ತಕ್ಕೇ ಕೆತ್ತಿದ.

ಬಿಲ್ಲು ನಿಡೋಣಿಗೆ ಹೋಯಿತು, ಎಂಟು ದಿನಕ್ಕೆ ತಿರುಗಿ ಬಂತು. “ಕಟ್ಟಿಗಿ ಮೊಂಡ ಐತಿ. ಚೂರ ಕೆತ್ತು.” ಕೆತ್ತಿದ. ಮತ್ತೆ ಬಂತು. ಈ ಸಲ ಹಿಡಿಕೆ ದಪ್ಪ. ಅದಾದ ಮೇಲೆ ಹುರಿ ಸರಿಯಿಲ್ಲ. ಅದಾದ ಮೇಲೆ ಹವೆಯ ನೆಪ. ಪ್ರತಿ ಸಲವೂ ಹೊರಡುವಾಗ, ಹೇಗೂ ಕೈಯಲ್ಲಿ ಉಳಿ ಇದೆಯಲ್ಲ, ಇನ್ನೊಂಚೂರು ಕೆತ್ತು ಎನ್ನುತ್ತಿದ್ದ.

“ಕೆತ್ತಿದ್ದ ಕಟ್ಟಿಗಿ ತಿರುಗಿ ಅಂಟಸಾಕ ಬರೂದಿಲ್ಲೋ ಮಾರಾಯ!” ಗೈಬುಸಾಬ ಒದರಿದ. “ನಿನ್ನ ಭುಜಕ್ಕ ಏನಾಗೇತಿ ನಂಗ ಗೊತ್ತೈತಿ. ಒಮ್ಮೆ ಬಾಯಿಬಿಟ್ಟ ಹೇಳಿದ್ರ ಮೊದಲ ಹಗುರಂದ ಮಾಡಿ ಕೊಡ್ತಿದ್ದೆ.”

“ಭುಜಕ್ಕೇನಾಗೇತಿ? ನೀ ಬಿಲ್ಲ ನೋಡ್ಕೋ.”

ಇಂಥ ಮನುಷ್ಯನ ಜೊತೆ ಏನು ಮಾತಾಡುವುದು? ಗೈಬುಸಾಬ ಗಾಜಿನ ಚೂರು ಹಿಡಿದು ಬಿಲ್ಲಿನ ಒಳಮೈ ಹೆರೆಯುತ್ತಲೇ ಹೋದ. ಅದು ಬೆತ್ತದಂತೆ ತೆಳ್ಳಗಾಯಿತು.

ಅವನು ತೀರಿಕೊಂಡ ಭಾನುವಾರವೇ, ಬೆಳಿಗ್ಗೆ, ಆ ಬಿಲ್ಲು ಟಿಕೋಟಾದ ಬಯಲಿಗೆ ಬಂತು. ಗುರಿಗೆಂದು ಹುಲ್ಲು ತುಂಬಿದ ಚೀಲವನ್ನು ಎಂದಿನ ಜಾಗದಲ್ಲೇ ನಿಲ್ಲಿಸಿದ್ದರು. ಶಿವಯೋಗೆಪ್ಪ ಎಳೆದ. ಹುರಿ ಕೆನ್ನೆಯವರೆಗೂ ಬಂತು, ಭುಜ ನಡುಗಲಿಲ್ಲ. ಬಿಟ್ಟ ಬಾಣ ಮಾತ್ರ ಚೀಲಕ್ಕಿಂತ ಬಹಳ ಈಚೆ ಮಣ್ಣಿಗೆ ನಾಟಿತು. ಇನ್ನು ಬೈಗುಳವೆಲ್ಲ ತನ್ನ ಕಸುಬಿಗೇ ಎಂದು ಗೈಬುಸಾಬ ಹಲ್ಲು ಕಚ್ಚಿ ನಿಂತ.

ಶಿವಯೋಗೆಪ್ಪ ಬಿಲ್ಲನ್ನು ಬೇಲಿಗೆ ಆನಿಸಿಟ್ಟ. ಧೋತರದ ತುದಿ ಸಿಕ್ಕಿಸಿಕೊಂಡು ಬಯಲ ತುದಿಯವರೆಗೆ ನಡೆದ. ಎಡಗೈಯಿಂದ ಚೀಲದ ಕಿವಿ ಹಿಡಿದು ಈಚೆಗೆ ಎಳೆಯತೊಡಗಿದ.

“ಯಪ್ಪಾ, ಇನ್ನೊಂಚೂರ ಎಳಿ,” ಚಂದ್ರಕಾಂತ ಕೂಗಿದ, “ಬಾಣ ಕೈಯಾಗ ಹಿಡದ ಚುಚ್ಚೀಯಂತ!”

“ಬಾಯಿ ಮುಚ್ಚಲೇ ಚಂದ್ಯಾ. ಗೈಬ್ಯಾ, ಬಿಲ್ಲ ಬರೋಬ್ಬರಿ ಆಗೇತಿ. ಇನ್ನ ಮುಟ್ಟಬ್ಯಾಡ.”

ಮಣ್ಣಲ್ಲಿ ನಾಟಿದ್ದ ಬಾಣದ ಹತ್ತಿರ ಚೀಲ ನಿಲ್ಲಿಸಿ, ಅಲುಗದಂತೆ ಬುಡಕ್ಕೆ ಕಲ್ಲು ಕೊಟ್ಟ. ತಿರುಗಿ ಬಂದ. ಎಳೆದ. ಬಾಣ ಚೀಲದ ನಡುವೆ ಹೋಗಿ ಕೂತಿತು. ಅವನು ಯಾರ ಮುಖವನ್ನೂ ನೋಡದೆ, ಇನ್ನೊಂದು ಬಾಣ ತೆಗೆದು ಹುರಿಗೆ ಹೂಡಿದ.