ಕುದುರೆಯ ಮದ್ದು, ಮಗಳ ಅಂಗೈ

ಹನುಮಂತಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳು ಪೊರಕೆ ಹಿಡಿಯುವಷ್ಟು ಕೆಲಸ ಮಾಡುತ್ತವೆ. ಉಳಿದ ಮೂರು ಅಂಗೈಯೊಳಕ್ಕೆ ಮಡಚಿಕೊಂಡಿವೆ, ಬಿಚ್ಚುವುದಿಲ್ಲ. ಅಲ್ಲಿ ಈಗ ಗಾಯವಿಲ್ಲ. ಗಾಯ ಮಾಯ್ದು ಐದು ವರ್ಷವಾಯಿತು. ತೊಂದರೆ ಇರುವುದು ಅದು ಮಾಯ್ದ ರೀತಿಯಲ್ಲಿ.

1981ರಲ್ಲಿ ಆಕೆ ತುಮಕೂರಿನ ಅಂಚಿಗಿರುವ ಸತ್ಯಮಂಗಲದಲ್ಲಿ, ಪಂಪ್‌ಸೆಟ್ಟಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಸಣ್ಣ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ತಂತಿ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಬೆರಳ ತುದಿಗೆ ಗೊತ್ತಾಗಬೇಕಾದ ಕೆಲಸ ಅದು. ಆಕೆಯ ಬೆರಳಿಗೆ ಗೊತ್ತಾಗುತ್ತಿತ್ತು. ಹಬ್ಬ ಕಳೆದ ಮೇಲೆ ಕಾಯಂ ಮಾಡುತ್ತೇನೆಂದು ಮಾಲೀಕ ಹೇಳಿದ್ದ. ಆ ಯುಗಾದಿಗೆ ಅಮೃತೂರಿನ ಮನೆಗೆ ಹೋದವಳು ಒಬ್ಬಟ್ಟು ಬೇಯಿಸುತ್ತ ಕಾಲುಜಾರಿ ಮುಂದಕ್ಕೆ ಬಿದ್ದಳು. ಆಸರೆಗೆ ಊರಿದ ಬಲಗೈ ಕಾದ ಹಂಚಿನ ಮೇಲೆ ಕೂತಿತು.

“ಕೈ ಸರಿ ಮಾಡ್ಕೊಂಡು ಬಾರಮ್ಮ, ನಿನ್ನ ಜಾಗ ಇಟ್ಟಿರ್ತೀನಿ” ಎಂದು ಮಾಲೀಕ ಹೇಳಿ ಕಳಿಸಿದ.

ಕೈ ಸರಿ ಮಾಡುವ ಹೊಣೆಯನ್ನು ಅಪ್ಪ ವಹಿಸಿಕೊಂಡ. ಚಿಕ್ಕಬೋರಯ್ಯ ಕುಣಿಗಲ್ ಕಡೆಯ ಖಾಸಗಿ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವವನು. ಕಾಲಿನ ಗಾಯಕ್ಕೆ ಅವನ ಕೈಗುಣ ಹೆಸರಾಗಿತ್ತು, ಸುಳ್ಳು ಹೆಸರೇನಲ್ಲ. ಕುದುರೆಗೆ ಮಂಡಿಯ ಕೆಳಗೆ ಮಾಂಸವಿಲ್ಲ. ಮೂಳೆ, ನರ, ಅದರ ಮೇಲೆ ಬಿಗಿದ ಚರ್ಮ ಅಷ್ಟೆ. ಅಲ್ಲಿ ಗಾಯವಾದರೆ ಅಂಚುಗಳು ಹತ್ತಿರ ಬರುವುದಿಲ್ಲ. ಗಾಯ ತುಂಬಲು ಹುಟ್ಟಿದ ಮಾಂಸಕ್ಕೆ ನಿಲ್ಲಬೇಕೆಂದು ತಿಳಿಯುವುದಿಲ್ಲ. ಅದು ಹೂಕೋಸಿನಂತೆ ಚರ್ಮದ ಮಟ್ಟ ಮೀರಿ ಏಳುತ್ತದೆ. ಅದನ್ನು ಮೈಲುತುತ್ತವೆಂಬ ನೀಲಿ ಹರಳಿನ ಪುಡಿ ಹಚ್ಚಿ ಸುಡುವುದನ್ನು ಫಾರಮ್ಮಿನ ಪಶುವೈದ್ಯರಿಂದ ಅವನು ಕಲಿತಿದ್ದ.

ಮಗಳ ಅಂಗೈಯಲ್ಲಿ ಸುಟ್ಟ ಕರಿ ಚರ್ಮ ಕಳಚಿ, ಕೆಳಗೆ ಕೆಂಪಗೆ, ರವೆರವೆಯಾಗಿ ಹೊಸ ಮಾಂಸ ಕಾಣಿಸಿಕೊಂಡಿತು. ಅಪ್ಪ ಬೆಳಕಿಗೆ ಹಿಡಿದು ನೋಡಿದ.

“ಕೊಬ್ಬಿದ ಮಾಂಸ ಕಣವ್ವ ಇದು. ಬುಟ್ರೆ ಮೇಲಕ್ಕೆದ್ಬುಡ್ತದೆ.”

“ಡಾಕ್ಟ್ರ ತಾವ ಹೋಗಾಣ ಕಣಪ್ಪ.”

“ಲಕ್ಷ ಬಾಳೋ ಕುದ್ರೆ ಕಾಲ ನನ್ನ ಕೈಗೆ ಕೊಡ್ತಾರೆ. ನಿನ್ನ ಕೈ ಅದಕ್ಕಿಂತ ಹೆಚ್ಚಾ?”

ತಾಯಿ ರಂಗಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ ಕೂಗಿದಳು: “ಅವ್ಳೇನು ಕುದ್ರೆನಾ?”

“ಮಾಂಸ ಯಾರ್ದಾದ್ರೂ ಮಾಂಸಾನೇ ಸುಮ್ಕಿರೇ” ಎಂದು ಅವನು ಮೈಲುತುತ್ತ ಅರೆದ.

ಆ ಕೆಂಪು ಕೊಬ್ಬಿದ್ದಲ್ಲ. ಅದು ಹಾಸಿಗೆ. ಸಣ್ಣ ಸಣ್ಣ ಹೊಸ ರಕ್ತನಾಳಗಳಿಂದ ತುಂಬಿದ ಆ ಹಾಸಿಗೆಯ ಮೇಲೆಯೇ ಗಾಯದ ಅಂಚಿನ ಚರ್ಮದ ಜೀವಕೋಶಗಳು ತೆವಳಿಕೊಂಡು ಬರಬೇಕು. ಎರಡು ಕಡೆಯಿಂದ ಬಂದವು ಒಂದಕ್ಕೊಂದು ತಗುಲಿದರೆ ನಿಲ್ಲುತ್ತವೆ. ಮೇಲೆ ಚರ್ಮ ಮುಚ್ಚಿತೆಂದರೆ ಕೆಳಗಿನ ಜೀವಕೋಶಗಳೂ ಕೆಲಸ ಮುಗಿಸಿ ಕರಗುತ್ತವೆ. ಹನುಮಂತಮ್ಮನ ಕೈಯಲ್ಲಿ ಹಾಸಿಗೆ ಸಿದ್ಧವಾದಾಗಲೆಲ್ಲ ಅಪ್ಪನ ಮೈಲುತುತ್ತಕ್ಕೆ ಸುಟ್ಟುಹೋಯಿತು, ಮತ್ತೆ ಮೊದಲಿನಿಂದ ಹುಟ್ಟಿತು. ಇನ್ನೊಂದು ಕೆಲಸ ಮಾತ್ರ ನಿಲ್ಲಲಿಲ್ಲ. ಗಾಯದೊಳಗಿನ ಕೆಲವು ಜೀವಕೋಶಗಳು ಸುತ್ತಲಿನ ಎಳೆಗಳನ್ನು ಹಿಡಿದು ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಎಳೆದಷ್ಟೂ ಸುತ್ತಲಿನ ಅಂಗಾಂಶ ಗಡುಸಾಗುತ್ತದೆ. ಅದು ಗಡುಸಾದಷ್ಟೂ ಜೀವಕೋಶಗಳು ಇನ್ನೂ ಬಲವಾಗಿ ಎಳೆಯುತ್ತವೆ. ಬೇಗ ಮುಚ್ಚುವ ಗಾಯದಲ್ಲಿ ಈ ಜಗ್ಗಾಟ ಬೇಗ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ.

ದೀಪಾವಳಿ ಹೊತ್ತಿಗೆ ಗಾಯ ಮುಚ್ಚಿತು. ಚಿಕ್ಕಬೋರಯ್ಯ ಮಗಳ ಅಂಗೈಯನ್ನು ಬಂದವರಿಗೆಲ್ಲ ತೋರಿಸಿದ. ಕೀವಿಲ್ಲ, ನೋವಿಲ್ಲ ಎಂದು ಎಲ್ಲರೂ ಹೊಗಳಿದರು. ಬೆರಳು ಬಿಚ್ಚುವಂತೆ ಯಾರೂ ಕೇಳಲಿಲ್ಲ.

ಕೇಳಿದವನು ಶೆಡ್ಡಿನ ಮಾಲೀಕ. ಆಕೆಯ ಮುಂದೆ ತಂತಿಯ ಸುರುಳಿ ಇಟ್ಟ. ಹಿಡಿಯಲಾಗಲಿಲ್ಲ. “ದೊಡ್ಡ ಡಾಕ್ಟ್ರಿಗೆ ತೋರ್ಸಮ್ಮ, ಇನ್ನೊಂದಷ್ಟು ದಿನ ನೋಡ್ತೀನಿ” ಎಂದ.

ಅಪ್ಪ, ಮಗಳು ತುಮಕೂರಿನ ಸರ್ಜನ್ ಪಟ್ಟಾಭಿರಾಮರ ಬಳಿ ಹೋದರು. ಏನು ಹಚ್ಚಿದಿರಿ ಎಂದು ಅವರು ಕೇಳಿದಾಗ ಚಿಕ್ಕಬೋರಯ್ಯ ಹೆಮ್ಮೆಯಿಂದಲೇ ಹೇಳಿದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕುದುರೆ ಕಾಲಲ್ಲಿರೋ ಜೀವಕೋಶಕ್ಕೂ ಇವಳ ಕೈಲಿರೋದಕ್ಕೂ ಅಂಥಾ ವ್ಯತ್ಯಾಸ ಇಲ್ಲ ಕಣ್ರಿ. ಅದು ಕೂತಿರೋ ಜಾಗ ಬೇರೆ. ಜಾಗ ಹೇಳಿದ ಹಾಗೆ ಅದು ಕೇಳುತ್ತೆ.” ಕಲೆಗಟ್ಟಿದ್ದನ್ನು ಕತ್ತರಿಸಿ, ತೊಡೆಯ ಚರ್ಮ ಕೂರಿಸಿ, ಬೆರಳುಗಳನ್ನು ಪಟ್ಟಿಗೆ ಕಟ್ಟಿ ನೆಟ್ಟಗಿಡಬೇಕು, ತಡಮಾಡಿದರೆ ಉಪಯೋಗವಿಲ್ಲ ಎಂದರು.

“ಮಾಯ್ದಿರೋದ್ನ ಮತ್ತೆ ಕುಯ್ಯಾದಾ ಸ್ವಾಮಿ?” ಚಿಕ್ಕಬೋರಯ್ಯ ಎದ್ದು ನಿಂತ. “ನಡಿಯವ್ವ.”

ಬಸ್ಸಿನಲ್ಲಿ ಆಕೆ, “ನನ್ನ ಕೆಲ್ಸ ಹೋಯ್ತದೆ ಕಣಪ್ಪ” ಅಂದಳು.

“ಎಣ್ಣೆ ಹಚ್ಚಿ ನೀವ್ಕೊ. ತಾನೇ ಬಿಚ್ಕಂತದೆ.”

ಎರಡು ವರ್ಷ ನೀವಿಕೊಂಡ ಮೇಲೆ ಆಕೆ ಮನೆಯಲ್ಲಿ ಹೇಳದೆ ಒಬ್ಬಳೇ ಪಟ್ಟಾಭಿರಾಮರಲ್ಲಿಗೆ ಹೋದಳು. ಅವರು ಒಂದೊಂದೇ ಬೆರಳನ್ನು ಹಿಡಿದು ಎತ್ತಲು ನೋಡಿದರು. “ಚರ್ಮ ಬೇಕಾದ್ರೆ ಹೊಸದು ಹಾಕ್ತೀನಮ್ಮ. ಕೀಲು ಹಿಡ್ಕೊಂಡ್ಬಿಟ್ಟಿದೆ, ಅದು ನನ್ನ ಕೈಲಾಗಲ್ಲ.” ವಾಪಸು ಬರುವಾಗ ಸತ್ಯಮಂಗಲದಲ್ಲಿ ಇಳಿದಳು. ಆಕೆಯ ಜಾಗದಲ್ಲಿ ಬೇರೊಬ್ಬ ಹುಡುಗಿ ತಂತಿ ಸುತ್ತುತ್ತಿದ್ದಳು, ಚೆನ್ನಾಗಿಯೇ ಸುತ್ತುತ್ತಿದ್ದಳು.

ಈಗ ಹನುಮಂತಮ್ಮ ಗುಬ್ಬಿಯಲ್ಲಿ ಶಾಲೆಯೊಂದರ ಕಸ ಗುಡಿಸುತ್ತಾಳೆ. ಅದೇ ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಅಪ್ಪ ಸಂತೆಗೆ ಬಂದರೆ ಅಲ್ಲಿಗೆ ಬರುತ್ತಾನೆ. ಹೋದ ಸಂತೆಯ ದಿನ ತಟ್ಟೆ ಇಟ್ಟು, ಮುದ್ದೆ ಹಾಕಿ, ಎಡಗೈಯಲ್ಲಿ ಸೌಟು ಹಿಡಿದು ಸಾರು ಬಡಿಸಲು ಬಗ್ಗಿದಳು. ಚಿಕ್ಕಬೋರಯ್ಯ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

“ಎಡಗೈಲಿ ಬಡಿಸ್ಬಾರ್ದು ಕಣವ್ವ.”

“ಬಲಗೈ ನೀನೇ ವಾಸಿ ಮಾಡಿದ್ಯಲ್ಲಪ್ಪ” ಅಂದಳು ಹನುಮಂತಮ್ಮ, ಸೌಟು ಹಿಂದಕ್ಕೆ ತೆಗೆಯದೆ.

ಅವನು ಸಾರಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು, ತಾನೇ ಬಡಿಸಿಕೊಂಡು ಉಂಡ.