ಎರೆ ತಿನ್ನುವ ಮಾವ

ಎದುರುಮನೆ ಮಾವನ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚೀ ಹಚ್ಚೀ ಅದರ ಸಂದಿಯಲ್ಲಿ ಕೆಂಪು, ಹಳದಿ ಕೂತೇಬಿಟ್ಟಿದ್ದವು. ಅದೇ ಉಗುರಿನಿಂದ ಬೆರಳುದ್ದದ ಮೀನಿನ ಹೊಟ್ಟೆ ಸರ್ರನೆ ಸೀಳಿ, ಒಳಗೆ ಕಲ್ಲುಪ್ಪು ತುರುಕುತ್ತಿದ್ದರು.

ಆ ಮೀನು ನನ್ನದು. ಗಾಳಕ್ಕೆ ಎರೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಗಾಳ ಹಾಕೋ ಹುಚ್ಚು ಹತ್ತಿಸಿಕೊಂಡವನು ನಾನು. ಕೆಲಸ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ. ರಜೆ ಸಿಕ್ಕಿತೋ, ಬೈಕ್ ಹತ್ತಿ ಕನಕಪುರದಾಚೆ ಹಾರೋಬೆಲೆ ಹಿನ್ನೀರಿಗೆ. ಅಲ್ಲಿಂದ ಒಂದೇ ಒಂದು ದೊಡ್ಡ ಬಾಳೆಮೀನು ಎತ್ತಬೇಕು, ಅಷ್ಟೇ ನನ್ನ ಆಸೆ. ಬಾಳೆಮೀನಿಗೆ ಸಣ್ಣ ಮೀನೇ ಎರೆ. ನಾನು ಕೂರುವ ದಂಡೆಯ ಹತ್ತಿರ ಟೀ ಅಂಗಡಿಯೂ ಇಲ್ಲ, ಎರೆ ಮನೆಯಿಂದಲೇ ಹೋಗಬೇಕು. ಐಸಿನಲ್ಲಿಟ್ಟರೆ ದಾರಿಯಲ್ಲೇ ಮೆತ್ತಗಾಗಿ ಗಾಳದಿಂದ ಕಳಚಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಡೋಣವೆಂದರೆ ಸೋಮವಾರ, ಶನಿವಾರ ಅಂತ ಅಮ್ಮನ ರಗಳೆ. ಕೊನೆಗೆ ಮಾವನ ಉಪ್ಪೇ ಗತಿ.

ಉಪ್ಪಿನಲ್ಲಿ ನೀರು ಬಿಟ್ಟು ಮೀನು ಚಕ್ಕಳದಂತೆ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು ತಾನೆ? ಇಲ್ಲ. ಅದರ ಮೇಲೆ ಅರಿಶಿನ, ಅದರ ಮೇಲೆ ಖಾರದಪುಡಿ!

“ಮಾವ, ಇದು ಮೀನಿಗೆ, ನಮ್ಗಲ್ಲ!”

“ನಾವ್ ತಿನ್ನಕ್ಕಾಗ್ದಿದ್ನ ಮೀನ್ ಯಾಕ್ಲಾ ತಿಂದಾತು? ಸುಮ್ಕಿರು.”

ಈ ಮಾತಿನ ಅರ್ಥ ನನಗೆ ಪೂರ್ತಿ ಗೊತ್ತಾಗಿದ್ದು ಅವರನ್ನು ಜೊತೆಗೆ ಕರೆದುಕೊಂಡು ಹೋದ ದಿನ. ಬಿಸಿಲು ನೆತ್ತಿಗೇರಿತ್ತು. ದಂಡೆಯಲ್ಲಿ ಕೂತು ಕಾದೂ ಕಾದೂ ನನ್ನ ಬೆನ್ನು ಹಿಡಿದುಕೊಂಡಿತ್ತು. ಅಷ್ಟರಲ್ಲಿ ಕಣ್ಣೆದುರೇ ನೀರು ತಿರುವಿ, ತೋಳು ಗಾತ್ರದ ಬೆಳ್ಳಿ ಬೆನ್ನೊಂದು ಮಗುಚಿ ಮುಳುಗಿತು. ಬಾಳೆಮೀನು! ನನ್ನ ಗಾಳ ನೋಡಿದರೆ ಖಾಲಿ. ಎರೆ ತರಲು ಓಡಿದೆ.

ಮರದಡಿ ಮಾವ ಮೂರು ಕಲ್ಲಿಟ್ಟು ಬೆಂಕಿ ಹಾಕಿದ್ದರು. ಡಬ್ಬದಲ್ಲಿ ಬರೀ ಉಪ್ಪು. ಕಡೇ ಮೀನು ಅವರ ಬಾಯಲ್ಲಿ.

“ಏನ್ ಮಾವ ಇದು!”

“ಹೊಟ್ಟೆ ಹಸೀತು ಕಣ್ಲಾ. ಮುದ್ದೆಗೆ ನೆಂಚ್ಕಳಕ್ಕೆ ಏನೂ ಇರ್ನಿಲ್ಲ.” ನನ್ನ ಮುಖ ನೋಡಿ ಒಸಿ ಅಯ್ಯೋ ಅನ್ನಿಸಿರಬೇಕು. “ತಗ, ಬಾಲ ಐತೆ, ಕಟ್ಕೊ.”

ಕಟ್ಟಿದೆ. ಸುಟ್ಟ ಬಾಲ. ಏಡಿಯೂ ಮೂಸಲಿಲ್ಲ.

ವಾಪಸ್ ಬಂದಮೇಲೆ ಇನ್ನೊಂದು ಕಿತಾಪತಿ. “ನಮ್ ಹುಡ್ಗ ಎರಡು ಮೊಳದ್ ಮೀನ್ ಎಳ್ದಿದ್ದ, ದಾರ ಕಿತ್ಕೋಬುಡ್ತು” ಅಂತ ಬೀದಿಗೆಲ್ಲ ಹೇಳಿದರು. ಹಾಲಿನ ಡೈರಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲಿ ಹೋದರೂ “ಆ ಮೀನು ಸಿಕ್ತಾ?” ಅಂತ ಕೇಳುವವರೇ. ಯಾರಿಗೆ ಹೇಳುವುದು, ನನ್ನ ಎರೆ ಹೋಗಿದ್ದು ಯಾರ ಹೊಟ್ಟೆಗೆ ಅಂತ!

ಈ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ಊಟ ಮಾಡಿ ಜಗಲಿಯಲ್ಲಿ ಮಲಗಿದವರು ಏಳಲಿಲ್ಲ. ಆಮೇಲೆ ಎರೆಗೆ ನಾನೇ ಉಪ್ಪು ಹಾಕಲು ಶುರುಮಾಡಿದೆ. ಮೊದಲ ಸಲವೇ ಕೈ ತಾನಾಗಿ ಖಾರದಪುಡಿ ಡಬ್ಬಕ್ಕೆ ಹೋಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೂ ಹಾಕಿದೆ.

ಮಳೆ ನಾಲ್ಕು ದಿನ ಬಿಡುವು ಕೊಟ್ಟು ಹಿನ್ನೀರು ತಿಳಿಯಾಗಿತ್ತು. ಹಟ ಮಾಡಿ ರಜೆ ತಗೊಂಡು ಡಬ್ಬ ಕಟ್ಟುತ್ತಿದ್ದೆ. ಮಾವನ ಹೆಂಡತಿ ಬಾಗಿಲಿಗೆ ಬಂದು ನಿಂತರು.

“ಮಗ, ನಾಳೀಕೆ ಪಕ್ಷ. ಕೋಳಿ ಸಾರು, ವಡೆ ಎಲ್ಲಾ ಮಾಡ್ತೀನಿ. ಆದ್ರೂ ಆ ಉಪ್ಪು ಮೀನ್ ಇಲ್ದಿದ್ರೆ ನಿಮ್ ಮಾವ ಎಡೆ ಮುಟ್ಟಕಿಲ್ಲ ಕಣಪ್ಪ.”

ಡಬ್ಬ ಕೊಟ್ಟೆ.

ಮಾರನೇ ದಿನ ಮಾವನ ಫೋಟೋ ಮುಂದೆ ಬಾಳೆಎಲೆ, ಎಲೆಯ ತುದಿಯಲ್ಲಿ ಕರಿದ ನನ್ನ ಎರೆ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು ಪದ್ಧತಿ. ಕಡೆಯಲ್ಲಿ ಹೊರಟವನು ನಾನು. ಬಾಗಿಲು ಎಳೆಯುವ ಮುಂಚೆ ಫೋಟೋ ಕಡೆ ತಿರುಗಿ ಮೆಲ್ಲಗೆ ಹೇಳಿದೆ:

“ಮಾವ, ಬಾಲನಾದ್ರೂ ಬುಡು.”