ಹಳ್ಳದಾಚೆಯ ಗಾರ್ಡಣ್ಣ

ಮೊನ್ನೆ ಗುಂಡ್ಲುಪೇಟೆ ಸಂತೆಯಿಂದ ಸೊಸೆ ಮರಗೆಣಸು ತಂದಳು. ಒಲೆಯ ಮೇಲೆ ಅದು ಬೇಯುವ ವಾಸನೆ ಬಂತು ನೋಡಿ, ಹಳ್ಳದಾಚೆಯ ಗಾರ್ಡಣ್ಣನೇ ಬಂದು ಜಗಲಿಯಲ್ಲಿ ಕೂತಂತಾಯಿತು.

ಐವತ್ತರ ದಶಕದ ಮಾತು. ನಮ್ಮ ಯಜಮಾನರು ಮದ್ದೂರು ಕಾಡಿನಲ್ಲಿ ಗಾರ್ಡಾಗಿದ್ದರು. ನಮ್ಮದು ಮೈಸೂರು ರಾಜ್ಯ, ಹಳ್ಳ ದಾಟಿದರೆ ಮದರಾಸು ರಾಜ್ಯ. ಆ ಕಡೆಯ ಕಾಡಿಗೆ ಈ ಅಣ್ಣ ಗಾರ್ಡು, ಮಲಯಾಳಿ. ಬೇಸಗೆಗೆ ಮುಂಚೆ ಹುಲ್ಲು ಸವರಿ, ಬೆಂಕಿ ದಾಟದಂತೆ ಬೋಳು ಪಟ್ಟಿ, ಅಂದರೆ ಬೆಂಕಿರೇಖೆ ಮಾಡಬೇಕು. ಗಡಿಯ ಪಟ್ಟಿ ಮಾತ್ರ ನಮಗೆ ಸೇರಿದ್ದಲ್ಲ ಎಂದು ಎರಡೂ ಕಡೆಯ ಸಾಹೇಬರು ಕೈ ತೊಳೆದುಕೊಂಡಿದ್ದರು. ಎಂಥ ಜನವೋ! ಕೊನೆಗೆ ಇವರಿಬ್ಬರೇ ಮಾತಾಡಿಕೊಂಡು, ಆಳುಗಳನ್ನು ಕೂಡಿಸಿ ಸವರುತ್ತಿದ್ದರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಆ ಅಣ್ಣ ಬರುವಾಗ ತಪ್ಪದೆ ಮರಗೆಣಸು ತರುತ್ತಿದ್ದರು.

ಮುದ್ದೆಯನ್ನು ಮಾತ್ರ ಅಗಿದು ಅಗಿದು ತಿನ್ನುತ್ತಿದ್ದರು. "ಅಗೀಬಾರ್ದು ಕಣಯ್ಯಾ, ನುಂಗ್ಬುಡು!" ಎಂದು ಯಜಮಾನರು ರೇಗಿಸಿದರೆ, "ತಂಗಿ ಮಾಡಿದ್ದು, ರುಚಿ ನೋಡಬೇಡವಾ?" ಎನ್ನುತ್ತಿದ್ದರು. ನನಗೋ ನಗು ತಡೆಯಲಾಗುತ್ತಿರಲಿಲ್ಲ…

ಒಂದು ಬೇಸಗೆ ನಮ್ಮ ಕಡೆ ಬೆಂಕಿ ಬಿತ್ತು. ಆರಿಸಲು ಹೋದ ಯಜಮಾನರು ಗಾಳಿ ತಿರುಗಿ ಬಿದಿರು ಮೆಳೆಗಳ ನಡುವೆ ಸಿಕ್ಕಿಕೊಂಡರು. ಜೊತೆಗಿದ್ದ ಕಾಡಿನ ವಾಚರು ಓಡಿಬಂದು ಹೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಓಡಿದೆ. ಅಷ್ಟರಲ್ಲಿ ಹೊಗೆ ಕಂಡ ಗಾರ್ಡಣ್ಣ ತಮ್ಮ ಆಳುಗಳೊಂದಿಗೆ ಹಳ್ಳ ದಾಟಿದ್ದರು. ಹಸಿಸೊಪ್ಪಿನಿಂದ ಬೆಂಕಿ ಬಡಿದು ದಾರಿ ಮಾಡಿ, ಇವರನ್ನು ಹೆಗಲ ಮೇಲೆ ಹೊತ್ತು ತಂದು ಜಗಲಿಯಲ್ಲಿ ಮಲಗಿಸಿದರು. ಉಸಿರಿತ್ತು. ನಾನು ಆ ಅಣ್ಣನ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

ಆದರೆ ಅವರು ಇಲ್ಲಿದ್ದಾಗಲೇ ಕಿಡಿ ಹಾರಿ ಅವರ ಕಡೆಯ ಬಿದಿರೂ ಸುಟ್ಟಿತು. ತನ್ನ ಕಾಡು ಬಿಟ್ಟು ಬೇರೆ ರಾಜ್ಯಕ್ಕೆ ಹೋದದ್ದೇಕೆ ಎಂದು ಅವರ ಸಾಹೇಬರು ಅವರನ್ನು ಎಲ್ಲೋ ದೂರಕ್ಕೆ ವರ್ಗ ಮಾಡಿಸಿದರು. ಆ ಸಾಹೇಬರ ಹೊಟ್ಟೆ ತಣ್ಣಗಾಯಿತೇನೋ!

ಹೇಳಿಹೋಗಲು ಬಂದವರಿಗೆ ಮುದ್ದೆ ಬಡಿಸಿದೆ.

"ಯಾಕಯ್ಯಾ ಬರಕ್ಕೋದೆ? ನಿನ್ ಕಾಡು ನೋಡ್ಕಂಡು ಸುಮ್ಕಿರ್ಬಾರ್ದಾಗಿತ್ತಾ?" ಯಜಮಾನರು ಬೈಯುತ್ತಲೇ ಕಣ್ಣೊರೆಸಿಕೊಂಡರು.

"ಎರಡು ಕಾಡು ಎಲ್ಲುಂಟು?" ಎಂದರು ಆ ಅಣ್ಣ. ಅವತ್ತು ಮುದ್ದೆ ಅಗಿಯಲಿಲ್ಲ, ನುಂಗಿದರು. ನಗುವವರು ಯಾರೂ ಇರಲಿಲ್ಲ.

ಮತ್ತೆ ಅವರನ್ನು ನೋಡಲಿಲ್ಲ… ಈಗ ಎರಡೂ ರಾಜ್ಯದ ಸಾಹೇಬರು ಒಟ್ಟಿಗೆ ಕೂತು ಬೆಂಕಿ ತಡೆಯುವ ಮಾತಾಡುತ್ತಾರಂತೆ. ಸಂತೋಷವೇ.

ಬೆಂದ ಗೆಣಸನ್ನು ಯಜಮಾನರ ಫೋಟೋದ ಮುಂದೆ ಇಟ್ಟೆ. ಆ ಅಣ್ಣನ ಫೋಟೋ ನಮ್ಮಲ್ಲಿಲ್ಲ. ಬದುಕಿದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಒಂದು ತಟ್ಟೆಯಲ್ಲಿ ಬಿಸಿ ಮುದ್ದೆ ಹಾಕಿ ಪಕ್ಕದಲ್ಲಿಟ್ಟು, "ಅಗಿದೇ ತಿನ್ನಣ್ಣಾ" ಎಂದೆ.